ಹಣ್ಣಿನ ಕಷಾಯದಲ್ಲಿ ಕಬ್ಬಿಣ ಎಷ್ಟಿತ್ತು

ಕಲಬುರಗಿಯ ಬಜಾರಿನಲ್ಲಿ ಚಹಾದ ಅಂಗಡಿಗಳು ಒಂದೊಂದಾಗಿ ತೆರೆಯುತ್ತಿದ್ದ ಕಾಲ ಅದು. ನಿಜಾಮರ ಆಡಳಿತ ನಡೆಯುತ್ತಿತ್ತು. ಕಚೇರಿಯಲ್ಲಿ ಉರ್ದು, ಶಾಲೆಯಲ್ಲಿ ಉರ್ದು. ಕನ್ನಡ ಮನೆಯೊಳಗೂ ಸಂತೆಯಲ್ಲೂ ಉಳಿದಿತ್ತು. ನಾನು ಹೈದರಾಬಾದಿನ ಕಾಲೇಜಿನಲ್ಲಿ ಓದು ಮುಗಿಸಿ ಊರಿಗೆ ಮರಳಿ, ಕೆಲವು ಗೆಳೆಯರನ್ನು ಕೂಡಿಸಿಕೊಂಡು, ಒಬ್ಬ ಬಟ್ಟೆ ವ್ಯಾಪಾರಿ ತನ್ನ ಅಂಗಡಿಯ ಮೇಲೆ ಬಿಟ್ಟುಕೊಟ್ಟ ಕೋಣೆಯಲ್ಲಿ ಒಂದು ಕನ್ನಡ ವಾಚನಾಲಯ ನಡೆಸುತ್ತಿದ್ದೆ. ರಾಜಕೀಯದ ಮಾತಿಗೆ ಅಪ್ಪಣೆ ಇರಲಿಲ್ಲವಾದ್ದರಿಂದ ನಮ್ಮ ವಾರದ ಉಪನ್ಯಾಸಗಳು ಸ್ವಚ್ಛತೆ, ಮಿತಾಹಾರ, ಶಿಶುಪಾಲನೆ ಮುಂತಾದ ನಿರುಪದ್ರವಿ ವಿಷಯಗಳ ಮೇಲೆ ನಡೆಯುತ್ತಿದ್ದವು. ದೇಶವನ್ನು ನೇರವಾಗಿ ತಿದ್ದಲಾಗದಿದ್ದರೆ ಅದರ ಅಡುಗೆಮನೆಯಿಂದಲಾದರೂ ಆರಂಭಿಸಬಹುದು ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೆ, ಈಗಲೂ ನಂಬುತ್ತೇನೆ.

ಚಹಾದ ಮೇಲೆ ನನಗೆ ವಿಶೇಷವಾದ ಕೋಪವಿತ್ತು. ದೂರದ ತೋಟಗಳ ಎಲೆಯನ್ನು ಕುದಿಸಿ ಕುಡಿದು, ಹಸಿವನ್ನು ಕೊಂದುಕೊಂಡು, ಉಣ್ಣಬೇಕಾದ ಹೊತ್ತಿನಲ್ಲಿ ಉಣ್ಣದೆ ಕುಳಿತ ಹಮಾಲರನ್ನು ಸ್ಟೇಷನ್ನಿನ ದಾರಿಯಲ್ಲಿ ದಿನವೂ ನೋಡುತ್ತಿದ್ದೆ. ಆದರೆ ಕೇವಲ ಖಂಡನೆ ಅರ್ಧ ವಾದ ಮಾತ್ರ. ಒಂದನ್ನು ಬಿಡಿ ಎನ್ನುವವನು ಇನ್ನೊಂದನ್ನು ಕೈಗೆ ಕೊಡಬೇಕು. ಹಾಗಾಗಿ ನಾನು ಒಂದು ಪಾನೀಯವನ್ನು ರೂಪಿಸಿದೆ. ಕಮಲಾಪುರದ ಕೆಂಪು ಬಾಳೆಯನ್ನು ತೆಳ್ಳಗೆ ಕೊಯ್ದು ಬಿಸಿಲಿನಲ್ಲಿ ಒಣಗಿಸುವುದು; ಅದಕ್ಕೆ ಒಣ ಅಂಜೂರ, ಒಣ ನೆಲ್ಲಿಕಾಯಿ ಕೂಡಿಸುವುದು; ಶುಂಠಿ, ಮೆಣಸು, ಕೊತ್ತಂಬರಿ ಬೀಜ, ಎರಡು ಚಕ್ಕೆ ದಾಲ್ಚಿನ್ನಿ ಜಜ್ಜಿ ಹಾಕಿ ಚೆನ್ನಾಗಿ ಕುದಿಸಿ, ಸೋಸಿ, ಬೆಲ್ಲ ಬೆರೆಸಿ ಕುಡಿಯುವುದು. ನಾನು ಅದಕ್ಕೆ ‘ಫಲಕಷಾಯ’ ಎಂದು ಹೆಸರಿಟ್ಟೆ. ಬಜಾರಿನವರು ಅದಕ್ಕೆ ‘ಭಾಷಣದ ಚಾ’ ಎಂದು ಹೆಸರಿಟ್ಟರು, ಯಾಕೆಂದರೆ ಉಪನ್ಯಾಸ ಮುಗಿಯುವ ತನಕ ಕುಳಿತವರಿಗೆ ಮಾತ್ರ ಅದು ಸಿಗುತ್ತಿತ್ತು.

ಉಪನ್ಯಾಸದಲ್ಲಿ ನಾನು ಮಂಡಿಸುತ್ತಿದ್ದ ತರ್ಕ ಬಹಳ ಸ್ಪಷ್ಟವಾಗಿತ್ತು. ಹಣ್ಣುಗಳಲ್ಲಿ ರಕ್ತಕ್ಕೆ ಬೇಕಾದ ಕಬ್ಬಿಣವಿದೆ, ಎಲುಬಿಗೆ ಬೇಕಾದ ಸುಣ್ಣವಿದೆ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಕಷಾಯ ಹಣ್ಣಿನಿಂದ ಆದದ್ದು. ಆದುದರಿಂದ ನಮ್ಮ ಕಷಾಯದಲ್ಲಿ ಕಬ್ಬಿಣವಿದೆ, ಸುಣ್ಣವಿದೆ. ಒಮ್ಮೆ ಹಿಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಎದ್ದು, “ಕಬ್ಬಿಣ, ಸುಣ್ಣ ಎರಡೂ ಅದಾವ ಅಂತೀರಿ. ಇನ್ನ ಒಂದಿಷ್ಟು ಇಟ್ಟಂಗಿ ಹಾಕಿದ್ರ ಮನೀನೇ ಕಟ್ಟಬಹುದಲ್ರಿ?” ಎಂದರು. ಕೋಣೆ ನಕ್ಕಿತು. ನಾನೂ ನಕ್ಕೆ. ಆದರೆ ನನ್ನ ತರ್ಕದಲ್ಲಿ ಬಿರುಕಿದೆ ಎಂದು ಅವರಿಗಾಗಲಿ ನನಗಾಗಲಿ ಅನಿಸಲಿಲ್ಲ.

ಆ ಚಳಿಗಾಲದಲ್ಲಿ ಕಮಲಾಪುರದಿಂದ ಸುದ್ದಿ ಬಂತು. ನನ್ನ ಅಕ್ಕನಿಗೆ ಹೆರಿಗೆಯಾಗಿತ್ತು, ಕೂಸು ಚೆನ್ನಾಗಿತ್ತು, ಅಕ್ಕ ಚೆನ್ನಾಗಿರಲಿಲ್ಲ. ನಮ್ಮ ತಾಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ತಂದೆಯೂ ಇರಲಿಲ್ಲ. ಅಕ್ಕನ ಪಾಲಿಗೆ ತವರುಮನೆ ಎಂದರೆ ನಾನೊಬ್ಬನೇ. ಅದಕ್ಕಾಗಿಯೇ ಬಾಣಂತನ ಗಂಡನ ಮನೆಯಲ್ಲಿ ನಡೆದಿತ್ತು. ವಾರಕ್ಕೆರಡು ಸಲ ಓಡುತ್ತಿದ್ದ ಮೋಟಾರಿನಲ್ಲಿ ಕುಳಿತು, ಮಹಾಗಾಂವದ ಜೋಳದ ಹೊಲಗಳನ್ನು ದಾಟಿ, ಮೈಯೆಲ್ಲ ಧೂಳಾಗಿ ಕಮಲಾಪುರ ಸೇರಿದೆ.

ಬಾಣಂತಿಯ ಕೋಣೆಗೆ ಕಿಟಕಿ ಇರಲಿಲ್ಲ. ಹಗ್ಗದ ಹೊರಸಿನ ಕೆಳಗೆ ಕೆಂಡದ ಶೇಗಡಿ ಇತ್ತು. ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡು ಅಕ್ಕ ಗೋಡೆಗೆ ಒರಗಿದ್ದಳು. ಅವಳ ತುಟಿಯಲ್ಲೂ ಉಗುರಿನಲ್ಲೂ ಬಣ್ಣವೇ ಇರಲಿಲ್ಲ. ಹಕೀಮರು ಬಂದು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, “ಖೂನ್ ಕಮ್ಮಿ ಅದ”, ರಕ್ತ ಸಾಲದು, ಎಂದು ಹೇಳಿ ಹೋಗಿದ್ದರು.

“ಹ್ಯಾಂಗಿದ್ದಿ ಅಕ್ಕಾ?”

“ಹ್ಯಾಂಗಿರ್ಲಿ? ಇಟ್ಟಲ್ಲೇ ಇದ್ದೀನಿ. ನಿಂದು ಹೇಳು. ಭಾಷಣ ಮಾಡಿ ಮಾಡಿ ಗಂಟಲ ಇನ್ನೂ ಉಳದದೇನು?”

ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಉಸಿರು ಸಾಲದಾಯಿತು. ತೊಟ್ಟಿಲಲ್ಲಿ ಕೂಸು ಅತ್ತಿತು. ಅಕ್ಕ ಕೈ ಚಾಚಿದಳು. ಆದರೆ ಬಗ್ಗಿದೊಡನೆ ಕಣ್ಣಿಗೆ ಕತ್ತಲೆ ಬಂದು ಮತ್ತೆ ಗೋಡೆಗೆ ಒರಗಿದಳು. ಅವಳ ಅತ್ತೆ ಒಳಗೆ ಬಂದು, ಕೂಸನ್ನು ಎತ್ತಿ ಅವಳ ಎದೆಗೆ ಹಿಡಿದರು. ಹುಟ್ಟಿದಂದಿನಿಂದ ಆ ಕೂಸನ್ನು ಅಕ್ಕ ಒಂದು ಸಲವೂ ತಾನಾಗಿ ಎತ್ತಿಕೊಂಡಿರಲಿಲ್ಲ ಎಂದು ಆಗ ತಿಳಿಯಿತು. “ನಂದೇ ಕೂಸು, ಯಾರೋ ಕೊಟ್ಟ ಮ್ಯಾಲ ನಂಗ ಸಿಗಬೇಕು” ಎಂದಳು ಅಕ್ಕ. ದೂರುವ ದನಿಯಲ್ಲ ಅದು. ಸುಮ್ಮನೆ ಇದ್ದದ್ದನ್ನು ಹೇಳಿದ್ದು.

ಅತ್ತೆಯವರನ್ನು ನಾನು ಮೊದಲಿನಿಂದಲೂ ಆಯಿ ಎಂದೇ ಕರೆಯುತ್ತಿದ್ದೆ. ಎತ್ತರದ ಹೆಂಗಸು, ಬಾಳೆಯ ತೋಟದಿಂದ ದನದ ಕೊಟ್ಟಿಗೆಯವರೆಗೆ ಮನೆಯೆಲ್ಲ ಅವರ ಮಾತಿನ ಮೇಲೆ ನಡೆಯುತ್ತಿತ್ತು. ನನ್ನನ್ನು ಅಂಗಳಕ್ಕೆ ಕರೆದರು.

“ಬಾಣಂತಿ ಕೋಣಿಯಾಗ ಗಂಡಸರು ಭಾಳೊತ್ತು ಕೂಡಬಾರ್ದು ತಮ್ಮಾ. ಹೊರಗ ಮಾತಾಡಾಮು.”

“ಆಯಿ, ಆಕಿ ಏನು ಉಣ್ತಾಳ್ರಿ?”

“ಅನ್ನ, ಮೆಣಸಿನ ಸಾರು. ಅಂಟಿನುಂಡಿ ಕಟ್ಟೀನಿ, ಡಬ್ಬಿ ತುಂಬ ಅದಾವ. ತುಪ್ಪದ ವಾಸನಿ ಬಡದ್ರ ಸಾಕು, ವಾಂತಿ ಮಾಡ್ಕೋತಾಳ. ನಾನರೇ ಏನು ಮಾಡ್ಲಿ?”

“ಹಣ್ಣು ಕೊಟ್ಟು ನೋಡ್ರಿ.”

“ಹಣ್ಣ? ಬಾಣಂತಿಗಿ?” ಆಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿಮ್ಮ ಕಾಲೇಜಿನಾಗ ಬಾಣಂತನಾನೂ ಕಲಿಸ್ಯಾರೇನು?”

ನಾನು ವಾದಕ್ಕೆ ಸಿದ್ಧನಾಗಿದ್ದೆ. ಉಷ್ಣ, ತಂಪು ಎಂಬ ಭೇದಕ್ಕೆ ಆಧಾರವಿಲ್ಲ ಎಂಬಲ್ಲಿಂದ ಆರಂಭಿಸಿ ಮೂರು ಅಂಶಗಳಲ್ಲಿ ಮಾತು ಮುಗಿಸುವ ಯೋಜನೆ ಇತ್ತು. ಮೊದಲ ಅಂಶ ಮುಗಿಯುವ ಮೊದಲೇ ಆಯಿ ಕೈ ಎತ್ತಿದರು.

“ನನ್ನ ಮಗಳು ಇದೇ ಕೋಣಿಯಾಗ ಬಾಣಂತಿ ಇದ್ಳು. ಬಾಳಿಹಣ್ಣು ತಿನ್ನಬೇಕು ಅಂತ ಹಟ ಹಿಡದ್ಳು. ತೋಟದಾಗ ಗೊನಿ ಹಣ್ಣಾಗಿತ್ತು. ನಾನೇ ಕೊಟ್ಟೆ, ತಮ್ಮಾ. ಈ ಕೈಯಿಂದ್ಲೇ ಸುಲದು ಕೊಟ್ಟೆ. ಜ್ವರ ಬಂತು, ನಂಜು ಏರಿ ಹ್ವಾದ್ಳು. ಈಗ ಹೇಳು, ನಿನ್ನ ಪುಸ್ತಕದಾಗ ಏನು ಬರದಾರ?”

ಆ ಜ್ವರ ಬಾಳೆಹಣ್ಣಿನಿಂದ ಬಂದದ್ದಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಮಗಳನ್ನು ಕಳೆದುಕೊಂಡ ತಾಯಿ ಅದಕ್ಕೊಂದು ಕಾರಣವನ್ನು ಕಂಡುಕೊಂಡು, ಆ ಕಾರಣವನ್ನು ತನ್ನ ಮೇಲೆಯೇ ಹೊತ್ತು, ಇಷ್ಟು ವರ್ಷ ಬದುಕಿದ್ದಾಳೆ. ಎದುರಾಳಿಯ ಆಧಾರವಾಕ್ಯವನ್ನು ಕೆಡವುವುದು ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಗೆಲುವಿನ ಲಕ್ಷಣವಾಗಿತ್ತು. ಅಲ್ಲಿ ಆಧಾರವಾಕ್ಯಗಳ ಹಿಂದೆ ಯಾರೂ ಸತ್ತಿರಲಿಲ್ಲ.

ನಾನು ಬೇರೆ ದಾರಿ ಹಿಡಿದೆ. “ಆಯಿ, ಅದೇ ಹಣ್ಣು ಒಣಗಿಸಿ, ಶುಂಠಿ ಮೆಣಸು ಹಾಕಿ ಕುದಿಸಿದ್ರ?”

“ಕುದಿಸಿದ್ರ ಅದು ಕಾಡೆ ಆತು. ಕಾಡೆಗಿ ಯಾರು ಬ್ಯಾಡಂದ್ರು?”

ಹೀಗೆ ನನ್ನ ಕಷಾಯಕ್ಕೆ ಬಾಣಂತಿಯ ಕೋಣೆಯಲ್ಲಿ ಪ್ರವೇಶ ಸಿಕ್ಕಿತು. ಹಣ್ಣಾಗಿ ಬಾಗಿಲಲ್ಲಿ ನಿಂತದ್ದು ಔಷಧಿಯಾಗಿ ಒಳಗೆ ಹೋಯಿತು. ನನ್ನ ಜಾಣ್ಮೆಯನ್ನು ನಾನೇ ಮೆಚ್ಚಿಕೊಂಡು, ಚೀಲದಲ್ಲಿದ್ದ ಒಣಹಣ್ಣನ್ನೆಲ್ಲ ಅಲ್ಲಿಯೇ ಕೊಟ್ಟು ಕಲಬುರಗಿಗೆ ಮರಳಿದೆ.

ಆಯಿ ಒಪ್ಪಿಕೊಂಡ ಕೆಲಸವನ್ನು ಅರೆಮನಸ್ಸಿನಿಂದ ಮಾಡುವವರಲ್ಲ. ಮತ್ತೆ ಹೋದಾಗ ಅವರೇ ಒಲೆಯ ಮುಂದೆ ಕುಳಿತು ಕಷಾಯ ಕಾಸುತ್ತಿದ್ದರು. ಹಣ್ಣು ಮೆತ್ತಗಾಗಿ, ಮಸಾಲೆಯ ಘಮ ಪಡಸಾಲೆಗೆಲ್ಲ ಹರಡಿದ ಮೇಲೆ, ತೆಳ್ಳನೆಯ ಧೋತರದ ತುಂಡಿನಲ್ಲಿ ಅದನ್ನು ಸೋಸಿದರು. ಆಮೇಲೆ ಅದೇ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಮತ್ತೊಮ್ಮೆ ಸೋಸಿದರು. ಹಿಂಡಲಿಲ್ಲ. ಹಿಂಡಿದರೆ ಒಗರು ಇಳಿಯುತ್ತದೆ ಎಂದರು. ಲೋಟದಲ್ಲಿ ಬಂದದ್ದು ಜೇನಿನ ಬಣ್ಣದ, ತಳ ಕಾಣುವಷ್ಟು ತಿಳಿಯಾದ ನೀರು. ಬಟ್ಟೆಯಲ್ಲಿ ಉಳಿದ ಬೆಂದ ಹಣ್ಣಿನ ಮುದ್ದೆಯನ್ನು, ನಾವು ಚರಟ ಎನ್ನುವುದನ್ನು, ಹಿತ್ತಾಳೆಯ ತಟ್ಟೆಗೆ ಸುರಿದು ಕೊಟ್ಟಿಗೆಗೆ ಒಯ್ದು ಎಮ್ಮೆಯ ಮುಂದಿಟ್ಟರು.

ಅದು ಆ ಮನೆಯ ಪದ್ಧತಿ; ಆ ಮನೆಯದೇನು, ನಮ್ಮ ಸೀಮೆಯದೇ. ಕುದಿಸಿದ ಮೇಲೆ ವಸ್ತುವಿನ ಸತ್ವವೆಲ್ಲ ನೀರಿಗೆ ಇಳಿಯುತ್ತದೆ, ಉಳಿದದ್ದು ಹೊಟ್ಟು. ಹೊಟ್ಟನ್ನು ಮನುಷ್ಯರಿಗೆ, ಅದರಲ್ಲೂ ಬಾಣಂತಿಗೆ, ಕೊಡುವುದು ಅವಳನ್ನು ಕೀಳಾಗಿ ಕಂಡ ಹಾಗೆ. ನನ್ನ ವಾಚನಾಲಯದಲ್ಲಿಯೂ ಚರಟವನ್ನು ಹಿತ್ತಲಿಗೆ ಎಸೆಯುತ್ತಿದ್ದೆವು. ಎಷ್ಟು ತಿಳಿಯಾಗಿ ಸೋಸಿದರೆ ಅಷ್ಟು ಮರ್ಯಾದೆ.

ಅಕ್ಕ ಕಷಾಯವನ್ನು ಇಷ್ಟಪಟ್ಟು ಕುಡಿಯುತ್ತಿದ್ದಳು. ವಾಂತಿ ನಿಂತಿತ್ತು, ಸ್ವಲ್ಪ ಹಸಿವು ಹುಟ್ಟಿತ್ತು. ಆದರೆ ತುಟಿಯ ಬಿಳುಪು ಹಾಗೇ ಇತ್ತು. ಕೂಸನ್ನು ಆಯಿಯೇ ಎತ್ತಿ ಕೊಡಬೇಕಾಗಿತ್ತು.

“ನಿನ್ನ ಕಾಡೆ ಮೈಗಿ ಹತ್ಯಾದ ನೋಡು ತಮ್ಮಾ,” ಎಂದರು ಆಯಿ, ನಾನು ಹೊರಡುವಾಗ.

ನನಗೆ ಹಿಗ್ಗಾಯಿತು. “ಹೌದೇನ್ರಿ ಆಯಿ?”

“ಹೌದು. ಎಮ್ಮಿಗಿ. ಈದಾಗ ಎಲುಬು ಕಾಣ್ತಿದ್ವು, ಈಗ ಬೆನ್ನ ಮ್ಯಾಲ ಕೈ ಇಟ್ರ ಜಾರ್ತದ. ನಿಮ್ಮಕ್ಕ ಮಾತ್ರ ಇದ್ದಾಂಗೇ ಅದಾಳ.”

ಮನೆಯವರೆಲ್ಲ ನಕ್ಕರು. ಮೋಟಾರಿನಲ್ಲಿ ಕುಳಿತ ಮೇಲೆ ನನಗೆ ನಗು ಉಳಿಯಲಿಲ್ಲ. ನನ್ನ ಕಷಾಯದಲ್ಲಿ ಕಬ್ಬಿಣವಿದೆ ಎಂದು ನಾನು ನೂರಾರು ಜನರ ಮುಂದೆ ಹೇಳಿದ್ದೆ; ಎಷ್ಟಿದೆ ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಈಗ ಆ ಪ್ರಶ್ನೆಗೆ ಅಕ್ಕನ ಮುಖವಿತ್ತು.

ಕಲಬುರಗಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದವನು ನನ್ನ ಕಾಲೇಜಿನ ಸಹಪಾಠಿ, ಚರ್ಚಾಕೂಟದಲ್ಲಿ ನನ್ನ ಖಾಯಂ ಎದುರಾಳಿ. ಅವನ ಮನೆಮಾತು ದಖ್ಖನಿ ಉರ್ದು. ನನ್ನ ಜೊತೆ ಮಾತ್ರ ಹಟದಿಂದ ಕನ್ನಡ ಆಡುತ್ತಿದ್ದ. ಶುಕ್ರವಾರ ಶಾಲೆಗೆ ರಜೆ. ಜುಮ್ಮಾ ನಮಾಜು ಮುಗಿಸಿ ಬಂದು, ಪ್ರಯೋಗದ ಕೋಣೆಯ ಬೀಗ ತೆಗೆದ. ನಾನು ಕಮಲಾಪುರದಿಂದ ತಂದ, ಸೋಸಿದ ಕಷಾಯದ ಬಾಟಲಿಯನ್ನು ಮೇಜಿನ ಮೇಲಿಟ್ಟೆ.

“ಇದರಾಗ ಕಬ್ಬಿಣ ಎಷ್ಟದ ಹೇಳು.”

ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. “ಬಾಕಿದ್ದು ಎಲ್ಲದ?”

“ಯಾವ ಬಾಕಿ?”

“ಅರೇ ಮಿಯಾ, ಇದು ಹಣ್ಣು ತೊಳದ ನೀರು. ಹಣ್ಣು ಎಲ್ಲದ ಅಂತ ಕೇಳಾಕತ್ತೀನಿ.”

“ಅದು ಚರಟ. ಎಮ್ಮಿಗಿ ಹಾಕ್ತಾರ.”

ಅವನು ಕುರ್ಚಿಯ ಮೇಲೆ ಕುಳಿತುಬಿಟ್ಟ. “ಕಾಲೇಜಿನಾಗ ನೀ ನನ್ನ ಸೋಲಿಸಿದ್ದೂ ಹಿಂಗೇ ನೋಡು. ಸಬೂತ್ ಪುರಾವಿ ಒಂದೂ ಇಲ್ಲ, ದನಿ ಮಾತ್ರ ಜೋರು. ಒಣಹಣ್ಣು ತಂದೀಯೇನು? ತಾ ಇಲ್ಲಿ. ಮೊದಲಿಂದ ಮಾಡಾಮು.”

ಅಲ್ಲಿಯೇ ಸ್ಪಿರಿಟ್ ದೀಪದ ಮೇಲೆ ಕಷಾಯ ಕಾಸಿದೆವು. ಸೋಸಿದ ನೀರನ್ನು ಒಂದು ಪಿಂಗಾಣಿ ಬಟ್ಟಲಲ್ಲಿ, ಚರಟವನ್ನು ಇನ್ನೊಂದರಲ್ಲಿ ಇಟ್ಟು, ಎರಡನ್ನೂ ಬತ್ತಿಸಿ, ಕರಕಾಗಿಸಿ, ಬಿಳಿಯ ಬೂದಿಯಾಗುವ ತನಕ ಸುಟ್ಟೆವು. ಬಹಳ ತಾಳ್ಮೆಯ ಕೆಲಸ. ಪ್ರಾಣಿಯದಾಗಲಿ ಸಸ್ಯದ್ದಾಗಲಿ, ಸುಟ್ಟರೆ ಉಳಿಯುವುದು ಅದರ ಖನಿಜ. ಗಾಳಿಯಿಂದ ಬಂದದ್ದು ಗಾಳಿಗೆ ಹೋಗುತ್ತದೆ, ಮಣ್ಣಿನಿಂದ ಬಂದದ್ದು ಬಟ್ಟಲಲ್ಲಿ ಉಳಿಯುತ್ತದೆ ಎಂದು ಅವನು ಹೇಳುತ್ತಿದ್ದ. ಆ ಮಾತು ನನಗೆ ಯಾವ ಉಪನ್ಯಾಸಕ್ಕಿಂತಲೂ ದೊಡ್ಡದಾಗಿ ಕೇಳಿಸಿತು.

ಬೂದಿಗಳನ್ನು ಆಮ್ಲದಲ್ಲಿ ಕರಗಿಸಿ ಎರಡು ಗಾಜಿನ ನಳಿಗೆಗಳಲ್ಲಿ ಹಾಕಿದ. ಒಂದು ಸೀಸೆಯಿಂದ ಬಣ್ಣವಿಲ್ಲದ ದ್ರವದ ಹನಿಗಳನ್ನು ಎರಡಕ್ಕೂ ಬಿಟ್ಟ. ಕಬ್ಬಿಣವಿದ್ದಲ್ಲಿ ಕೆಂಪಾಗುತ್ತದೆ ಎಂದ. ಕಷಾಯದ ನಳಿಗೆ ಗುಲಾಬಿಯ ಎಸಳನ್ನು ನೆನೆಸಿದ ನೀರಿನಷ್ಟು ಬಣ್ಣ ಹಿಡಿಯಿತು. ಚರಟದ ನಳಿಗೆ ರಕ್ತದ ಹಾಗೆ ಕೆಂಪಾಯಿತು.

ಸುಣ್ಣವೂ ಹೆಚ್ಚು ಪಾಲು ಚರಟದಲ್ಲಿಯೇ ಉಳಿದಿತ್ತು. ನೀರಿಗೆ ಧಾರಾಳವಾಗಿ ಇಳಿದದ್ದು ಒಂದೇ ಒಂದು, ಪೊಟ್ಯಾಷ್ ಎಂಬ ಲವಣ. ಅದು ಒಳ್ಳೆಯದೇ, ಆದರೆ ಅಕ್ಕನಿಗೆ ಕೊರತೆಯಾಗಿದ್ದದ್ದು ಅದಲ್ಲ. ಇನ್ನು ಬೂದಿಯಲ್ಲಿ ಕಾಣಿಸದ, ಕುದಿಸಿದರೆ ಕೆಡುವ ಒಂದು ಪೋಷಕಾಂಶ ಹಸಿಯ ನೆಲ್ಲಿಯಲ್ಲಿ ಇರುತ್ತದಂತೆ. ಅದನ್ನು ಅಳೆಯಲು ತನ್ನ ಬಳಿ ಸಾಧನವಿಲ್ಲ ಎಂದ.

“ಹಾಂಗಾದ್ರ ನಮ್ಮ ಹಿರಿಯರ ಕಾಡೆ ಎಲ್ಲಾ ಸುಳ್ಳೇನು?” ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

“ಸುಳ್ಳ್ಯಾಕ? ಶುಂಠಿ, ಮೆಣಸು, ದಾಲ್ಚಿನ್ನಿ, ಅವುಗಳ ಖಾರ, ವಾಸನಿ ನೀರಿಗಿ ಇಳೀತದ. ಇಳದ ಮ್ಯಾಲ ಚೆಲ್ಲಿದ್ರೂ ನಡೀತದ. ನಿಮ್ಮ ಹಿರ್ಯಾರು ಮಸಾಲಿ ಕುದಿಸಿದ್ರು, ಸೋಸಿದ್ರು, ಸರಿ ಇತ್ತು. ಆ ಭಾಂಡ್ಯಾದಾಗ ಹಣ್ಣು ಹಾಕಿದಾಂವ ನೀನು.”

ಅವನು ಹೇಳಿದ್ದು ನಿಜವಾಗಿತ್ತು. ಒಂದೇ ಪಾತ್ರೆಯಲ್ಲಿ ಎರಡು ಬಗೆಯ ವಸ್ತು ಕುದಿಯುತ್ತಿದ್ದವು. ಒಂದಕ್ಕೆ ಸಲ್ಲುವ ನಿಯಮವನ್ನು ಇನ್ನೊಂದಕ್ಕೂ ಅನ್ವಯಿಸಿದ್ದರು. ಪದ್ಧತಿ ಮೂಢವಾಗಿರಲಿಲ್ಲ, ಅದರ ಎಲ್ಲೆ ಎಲ್ಲಿ ಮುಗಿಯುತ್ತದೆಂದು ಯಾರೂ ನೋಡಿರಲಿಲ್ಲ. ಸುಧಾರಕರು ಹಳೆಯದನ್ನು ಹಳಿಯುವಾಗಲೂ ಹೊಗಳುವಾಗಲೂ ಇಂಥ ಎಲ್ಲೆಗಳನ್ನು ಗಮನಿಸುವುದು ಕಡಿಮೆ ಎಂದು ಆಮೇಲಿನ ವರ್ಷಗಳಲ್ಲಿ ಬಹಳ ಸಲ ಅನಿಸಿದೆ.

“ಮುಂದಿನ ಭಾಷಣದಾಗ ಏನು ಹೇಳ್ತಿ?” ಎಂದು ಕಣ್ಣು ಮಿಟುಕಿಸಿದ.

ಭಾಷಣದ ಚಿಂತೆ ನನಗಿರಲಿಲ್ಲ. ಕಷಾಯದಲ್ಲಿ ನಾನು ಹೇಳಿದಷ್ಟು ಸತ್ವವಿಲ್ಲ, ಹಣ್ಣನ್ನು ತಿನ್ನಿರಿ ಎಂದು ಹೇಳಿದರೆ ಮುಗಿಯಿತು. ನಾಲ್ಕು ಜನ ನಗುತ್ತಾರೆ. ಹಾಗೆಯೇ ಹೇಳಿದೆ, ನಾಲ್ಕಕ್ಕಿಂತ ಹೆಚ್ಚು ಜನ ನಕ್ಕರು. ಆದರೆ ಕಮಲಾಪುರದಲ್ಲಿ ಏನು ಹೇಳಬೇಕು? ಕಷಾಯ ತೆಳುವಾದದ್ದು ಎಂದರೆ ಆಯಿ ಅದನ್ನೂ ನಿಲ್ಲಿಸಿಬಿಡಬಹುದು. ಅಕ್ಕನಿಗೆ ಹಸಿವು ಹುಟ್ಟಿಸಿದ್ದು ಅದೊಂದೇ. ಚರಟವನ್ನು ಕೊಡಿ ಎಂದರೆ ಅದು ಬಾಣಂತಿಗೆ ಹಣ್ಣು ಕೊಡಿ ಎಂದಂತೆ, ಅದೂ ದನಕ್ಕೆ ಹಾಕುವುದನ್ನು ಕೊಡಿ ಎಂದಂತೆ. ಚರಟವನ್ನು ಅರೆದು, ಗೊತ್ತಾಗದ ಹಾಗೆ ಕಷಾಯದಲ್ಲಿಯೇ ಕದಡಿಬಿಡಲು ಅಕ್ಕನಿಗೆ ಗುಟ್ಟಾಗಿ ಹೇಳಿದರೆ? ಆ ಯೋಚನೆ ನನಗೆ ಬಂದದ್ದುಂಟು. ಆದರೆ ಅಕ್ಕ ಹಾಸಿಗೆ ಬಿಟ್ಟು ಏಳಲಾರಳು; ಎದ್ದರೂ, ಮಗಳನ್ನು ಕಳೆದುಕೊಂಡ ಮುದುಕಿಗೆ ಅವರದೇ ಒಲೆಯ ಮುಂದೆ ಮೋಸ ಮಾಡಿ ನಾನು ಯಾವ ಸುಧಾರಣೆಯನ್ನು ತಂದಂತಾಗುತ್ತದೆ? ಇದ್ದದ್ದನ್ನೆಲ್ಲ ಹೇಳುವುದೆಂದು ನಿರ್ಧರಿಸಿದೆ. ಎರಡು ನಳಿಗೆಗಳಿಗೆ ಬಿರಡೆ ಹಾಕಿಸಿ, ಅರಳೆಯಲ್ಲಿ ಸುತ್ತಿಕೊಂಡು ಮುಂದಿನ ಮೋಟಾರು ಹತ್ತಿದೆ.

ಆಯಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ನಳಿಗೆಗಳನ್ನು ಅವರ ಮುಂದೆ ಹಿಡಿದು, ಯಾವುದು ಯಾವುದರಿಂದ ಬಂತು, ಕೆಂಪು ಬಣ್ಣದ ಅರ್ಥವೇನು, ಎಲ್ಲವನ್ನೂ ವಿವರಿಸಿದೆ. ಇಷ್ಟು ದಿನ ಅಕ್ಕನಿಗೆ ಕುಡಿಸಿದ್ದರಲ್ಲಿ ನಾನು ಹೇಳಿದ ಕಬ್ಬಿಣ ಹೆಸರಿಗೆ ಮಾತ್ರ ಇತ್ತೆಂದೂ, ಉಳಿದದ್ದು ಕೊಟ್ಟಿಗೆಗೆ ಹೋಯಿತೆಂದೂ ಹೇಳಿದೆ.

ಆಯಿ ಕೆಂಪು ನಳಿಗೆಯನ್ನು ಬಿಸಿಲಿಗೆ ಹಿಡಿದರು. “ಬಣ್ಣ ಹಾಕಿದ್ರ ಯಾವ ನೀರಾದ್ರೂ ಕೆಂಪಾಗ್ತದ. ಹೋಳಿ ಹುಣ್ಣಿವಿಗಿ ನಾನೂ ಮಾಡ್ತೀನಿ.”

“ಬಣ್ಣ ಹಾಕಿಲ್ರಿ ಆಯಿ.”

“ನೀ ಹಾಕಿಲ್ಲ ಅಂತ ಗೊತ್ತದ. ನಿನಗ ಸುಳ್ಳು ಹೇಳಾಕ ಬರಂಗಿಲ್ಲ, ಅದಕ್ಕೇ ನಿನ್ನ ಭಾಷಣಕ್ಕ ಜನ ಬರಂಗಿಲ್ಲ.” ಅವರು ನಳಿಗೆಯನ್ನು ಕೆಳಗಿಟ್ಟು ಮೊರ ಕೈಗೆತ್ತಿಕೊಂಡರು. ಕೇರಲಿಲ್ಲ. ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೊಟ್ಟಿಗೆಯ ಕಡೆ ನೋಡಿದರು.

ನನ್ನ ಬಳಿ ಇನ್ನೂ ವಾದಗಳಿದ್ದವು. ಅವನ್ನು ಬಿಟ್ಟು ನಳಿಗೆಗಳನ್ನು ಮತ್ತೆ ಅರಳೆಯಲ್ಲಿ ಸುತ್ತತೊಡಗಿದೆ.

“ನಂಗ ಬ್ಯಾರೆ ಒಂದು ಹೇಳು,” ಎಂದರು ಆಯಿ. “ಎಮ್ಮಿ ನಿಮ್ಮಕ್ಕಗಿಂತ ನಾಕ ದಿನ ಮೊದಲು ಈದದ. ಅದೂ ಬಾಣಂತೀನೇ ಅಲ್ಲೇನು?”

“ಹೌದ್ರಿ.”

“ಇಂಥಾ ಥಂಡಿಯಾಗ ದಿನಾ ಬಾಳಿಹಣ್ಣು ತಿಂದದ. ಥಂಡಿ ಹಿಡದಿಲ್ಲ, ನಡುಗಿಲ್ಲ, ನಂಜಾಗಿಲ್ಲ. ಕರು ಹೊಟ್ಟಿ ತುಂಬ ಕುಡದು ಜಿಗದಾಡಾಕತ್ತದ.” ಅವರು ನನಗೆ ಹೇಳುತ್ತಿರಲಿಲ್ಲ, ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. “ಹಾಂಗಾದ್ರ ಬೆಂದ ಮ್ಯಾಲ ಹಣ್ಣಿನಾಗ ತಂಪು ಉಳಿಯಂಗಿಲ್ಲ ಅಂತ ಆತು.”

ಎಮ್ಮೆಗೂ ಮನುಷ್ಯರಿಗೂ ಹೋಲಿಕೆ ಎಷ್ಟು ಸಲ್ಲುತ್ತದೆ ಎಂದು ತರ್ಕಶಾಸ್ತ್ರಜ್ಞನೊಬ್ಬ ಕೇಳಬಹುದು. ಬಾಳೆಹಣ್ಣಿನ ಮೇಲೆ ಅವರು ಹೊರಿಸಿದ್ದ ಅಪವಾದ ಅದರಿಂದ ಪೂರ್ತಿ ಬಿದ್ದುಹೋಗಲೂ ಇಲ್ಲ. ಹಸಿಯ ಹಣ್ಣಿನ ಮೇಲೆ ಅದು ಹಾಗೆಯೇ ಉಳಿಯಿತು. ನಾನು ಅಲ್ಲಿ ತಿದ್ದಲು ಹೋಗಲಿಲ್ಲ. ತಮ್ಮ ಕಣ್ಣೆದುರಿನ ಕೊಟ್ಟಿಗೆಯಿಂದ ಅವರು ತಾವೇ ಕಟ್ಟಿಕೊಂಡ ಸೇತುವೆ ಅದು. ನನ್ನ ನಳಿಗೆ ಅದಕ್ಕೊಂದು ಕಲ್ಲು ಒದಗಿಸಿತ್ತೋ ಏನೋ.

“ಆದ್ರ ಇವತ್ತ ಒಂದೇ ಚಮಚ,” ಎಂದು ಎದ್ದರು. “ಜ್ವರ ಬಂತಂದ್ರ ನಿನ್ನ ಗಾಜಿನ ಸಾಮಾನು ಬಾವ್ಯಾಗ ಒಗೀತೀನಿ. ಅದರ ಹಿಂದ ನಿನ್ನೂ.”

ಅಂದು ಚರಟ ಕೊಟ್ಟಿಗೆಗೆ ಹೋಗಲಿಲ್ಲ. ಆಯಿ ಅದರಿಂದ ದಾಲ್ಚಿನ್ನಿಯ ಚಕ್ಕೆಗಳನ್ನು, ಶುಂಠಿಯ ನಾರನ್ನು, ನೆಲ್ಲಿಯ ಬೀಜವನ್ನು ಹೆಕ್ಕಿ ತೆಗೆದು, ಹಣ್ಣನ್ನು ಮಾತ್ರ ಒರಳಿನಲ್ಲಿ ಮೆತ್ತಗೆ ಅರೆದು, ಮೇಲೆ ಮತ್ತಷ್ಟು ಮೆಣಸಿನ ಪುಡಿ ಉದುರಿಸಿ ಬೆಳ್ಳಿಯ ಬಟ್ಟಲಿಗೆ ಹಾಕಿದರು. ಆ ಮನೆಯಲ್ಲಿ ಬೆಳ್ಳಿಯ ಬಟ್ಟಲು ಹಬ್ಬಕ್ಕೆ ಮಾತ್ರ ಹೊರಬರುತ್ತಿತ್ತು. ದನದ ಪಾಲಿನದನ್ನು ಸೊಸೆಗೆ ಕೊಟ್ಟರು ಎಂದು ಯಾರೂ ಆಡಬಾರದಲ್ಲ.

ಅಕ್ಕ ಬಟ್ಟಲು ನೋಡಿ, “ಇದೇನತ್ತಿ?” ಎಂದಳು.

“ಬಾಯಿ ತಗಿ.”

“ನಾನೇ ತಿಂತೀನಿ, ಕೊಡ್ರಿ.”

“ತಗಿ ಅಂದ್ರ ತಗಿ. ನಿಮ್ಮಿಬ್ಬರಿಗೂ ವಾದ ಮಾಡೂದೊಂದು ಗೊತ್ತದ.”

ಆಯಿ ಚಮಚವನ್ನು ಅವಳ ಬಾಯಿಗೆ ಹಿಡಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಎಷ್ಟೋ ವರ್ಷಗಳ ಕೆಳಗೆ ಇದೇ ಹೊರಸಿನ ಬಳಿ ಇದೇ ಕೈ ಒಬ್ಬಳಿಗೆ ಬಾಳೆಹಣ್ಣು ಸುಲಿದು ಕೊಟ್ಟಿತ್ತು. ನಾನು ಜೀವನದಲ್ಲಿ ಕಂಡ ಧೈರ್ಯಗಳಲ್ಲಿ ಆ ಒಂದು ಚಮಚವನ್ನು ಬಹಳ ಮೇಲೆ ಇಡುತ್ತೇನೆ. ಅಕ್ಕ ನುಂಗಿ, “ಖಾರ ಭಾಳ ಆಗ್ಯಾದ” ಎಂದಳು. ಆಯಿ ಅವಳ ಹಣೆ ಮುಟ್ಟಿ ನೋಡಿದರು. ತುಸು ಹೊತ್ತಿನಲ್ಲಿ ಮತ್ತೆ ಮುಟ್ಟಿ ನೋಡಿದರು. ಹಾಗೆ ಮುಟ್ಟಿ ನೋಡುತ್ತಲೇ ಮರುದಿನದ ಬೆಳಗಾಯಿತೆಂದು ಅಕ್ಕ ಆಮೇಲೆ ಹೇಳಿದಳು.

ಜ್ವರ ಬರಲಿಲ್ಲ. ಚಮಚ ಬಟ್ಟಲಾಯಿತು. ಅದರ ಜೊತೆಗೆ ಆಯಿ ತಾವಾಗಿಯೇ ರಾಜಗೀರಿ, ಮೆಂತ್ಯದ ಸೊಪ್ಪನ್ನೂ ಬೇಯಿಸಿ ಕೊಡಲು ಆರಂಭಿಸಿದರು. ಬೆಂದದ್ದರಲ್ಲಿ ತಂಪಿಲ್ಲವೆಂಬ ಸಿದ್ಧಾಂತವನ್ನು ಅವರು ನನಗಿಂತ ದೂರ ಒಯ್ದರು. ಅಕ್ಕ ಮುಂದೆ ಚೇತರಿಸಿಕೊಂಡದ್ದು ಅಂಜೂರದಿಂದಲೋ, ಸೊಪ್ಪಿನಿಂದಲೋ, ಹೊತ್ತು ಹೊತ್ತಿಗೆ ಉಂಡದ್ದರಿಂದಲೋ, ಬರಿಯ ಕಾಲ ಸರಿದದ್ದರಿಂದಲೋ ನಾನು ಹೇಳಲಾರೆ. ಬೂದಿಯಲ್ಲಿ ಏನಿದೆಯೆಂದು ನನ್ನ ಗೆಳೆಯ ತೋರಿಸಬಲ್ಲವನಾಗಿದ್ದ. ಅದರಲ್ಲಿ ಎಷ್ಟು ಒಬ್ಬಳ ರಕ್ತವಾಯಿತು ಎಂದು ಅವನೂ ತೋರಿಸಲಾರ. ಆ ವರ್ಷದಿಂದ ನಾನು ವೇದಿಕೆಯ ಮೇಲೆ ‘ಆದುದರಿಂದ’ ಎಂಬ ಪದವನ್ನು ಆಡುವ ಮುನ್ನ ಒಂದು ಕ್ಷಣ ತಡೆಯುತ್ತಿದ್ದೆ.

ಬಿಸಿಲು ಬಲಿಯುತ್ತಿದ್ದ ದಿನಗಳಲ್ಲಿ ಮತ್ತೆ ಕಮಲಾಪುರಕ್ಕೆ ಹೋದೆ. ಅಕ್ಕ ಕೋಣೆ ಬಿಟ್ಟು ಪಡಸಾಲೆಗೆ ಬಂದು ಕುಳಿತಿದ್ದಳು. ಕಿವಿಯ ಬಟ್ಟೆ ಬಿಚ್ಚಿದ್ದರು. ತೊಟ್ಟಿಲಲ್ಲಿ ಕೂಸು ಎದ್ದು ಕಿರುಚಿತು. ಎಂದಿನಂತೆ ನಾನು ಆಯಿಯ ಕಡೆ ನೋಡಿದೆ. ಅವರು ತೊಟ್ಟಿಲಿನ ಪಕ್ಕದಲ್ಲಿಯೇ ನಿಂತಿದ್ದರು. ಕೈ ಮುಂದೆ ಮಾಡಲಿಲ್ಲ.

“ಅಳಾಕತ್ತದ, ಕೇಳಸಂಗಿಲ್ಲೇನು?” ಎಂದು ಅಕ್ಕನನ್ನು ಗದರಿದರು.

ಅಕ್ಕ ಗೋಡೆ ಹಿಡಿದು ಎದ್ದಳು. ಎರಡು ಹೆಜ್ಜೆ ನಡೆದು, ತೊಟ್ಟಿಲ ಮೇಲೆ ಬಗ್ಗಿದಳು. ಬಗ್ಗಿ ಒಂದು ಗಳಿಗೆ ಹಾಗೆಯೇ ನಿಂತಾಗ ಆಯಿಯ ಎರಡೂ ಕೈಗಳು ತಾವಾಗಿಯೇ ಮುಂದೆ ಬಂದವು. ಅಷ್ಟರಲ್ಲಿ ಅಕ್ಕ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಿದ್ದಳು. ಆಯಿ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, ಸೆರಗಿನಿಂದ ಒರೆಸಿಕೊಂಡು, ಒಳಗೆ ಹೋದರು.